ಸಹಾಯ ಬೇಕು: ರಾಡಾರ್ ಚಿತ್ರದಲ್ಲಿ ನೆರೆ ನೀರು ಯಾವುದು, ಗುಡ್ಡದ ನೆರಳು ಯಾವುದು?

ಚಿಕ್ಕಬಳ್ಳಾಪುರ ತಾಲ್ಲೂಕಿನ ಕೋಡಿ ಬಿದ್ದ ಕೆರೆಗಳ ಕೆಳಗಿನ ನೆರೆ ನಕ್ಷೆ ಮಾಡಬೇಕಿದೆ. ಮೋಡ ಅಡ್ಡ ಬರದಂತೆ ಸೆಂಟಿನೆಲ್-1 ರಾಡಾರ್ ಉಪಗ್ರಹದ ಚಿತ್ರ ಬಳಸುತ್ತಿದ್ದೇವೆ, ಪಿಕ್ಸೆಲ್ 10 ಮೀಟರ್. ನಿಂತ ನೀರಿನಿಂದ ರಾಡಾರ್ ಅಲೆ ಹೆಚ್ಚು ವಾಪಸಾಗದೆ ಅದು ಕಪ್ಪಾಗಿ ಕಾಣುತ್ತದೆ. ಹಾಗಂತ ವಿವಿ ಚಿತ್ರದಲ್ಲಿ (ಅಲೆ ಕಳಿಸುವುದೂ ಪಡೆಯುವುದೂ ಲಂಬ ಧ್ರುವೀಕರಣದಲ್ಲಿ) ವಾಪಸಾದ ಅಲೆಯ ಬಲ -16 ಡೆಸಿಬೆಲ್‌ಗಿಂತ ಕಡಿಮೆ ಇದ್ದದ್ದೆಲ್ಲ ನೀರು ಅಂತ ಹಿಡಿದರೆ ಎರಡು ತೊಂದರೆ.

ಬೆಳಗಿನ ಹಾದಿಯಲ್ಲಿ ಉಪಗ್ರಹ ಪಶ್ಚಿಮಕ್ಕೆ ನೋಡುತ್ತದೆ. ಹಾಗಾಗಿ ನಂದಿ, ಸ್ಕಂದಗಿರಿಯ ಕಡಿದಾದ ಬಂಡೆಗಳ ಪಶ್ಚಿಮ ಮಗ್ಗುಲು ಅಲೆ ತಲುಪದೆ ಕಪ್ಪಾಗಿ, ಗುಡ್ಡದ ಮೇಲೇ ಕೆರೆ ಬಂದು ಕೂರುತ್ತದೆ! 5 ಡಿಗ್ರಿಗಿಂತ ಹೆಚ್ಚಿನ ಇಳಿಜಾರನ್ನು ತೆಗೆದರೆ ನೆರಳು ಹೋಗುತ್ತದೆ, ಆದರೆ ಏರಿ ಪಕ್ಕದ ನೀರೂ ಅಳಿಸಿಹೋಗುತ್ತದೆ. ಎತ್ತರದ ಮಾಹಿತಿ 30 ಮೀಟರಿನದು, ಏರಿ ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಇದಕ್ಕಿಂತ ಕಷ್ಟ ಬಳ್ಳಾರಿ ಜಾಲಿಯದು: ರಾಡಾರ್ ಅಲೆ ನೀರಿಗೂ ಕಾಂಡಕ್ಕೂ ಬಡಿದು ವಾಪಸಾಗಿ, ಮುಳುಗಿದ ಅಂಗಳವೂ ಬೆಳ್ಳಗೆ ಕಾಣುತ್ತದೆ.

ಸಂಜೆಯ ಹಾದಿಯ ಚಿತ್ರ ಜೋಡಿಸಿ, ನೆರೆಗೆ ಮೊದಲಿನ ಚಿತ್ರದೊಂದಿಗೆ ವ್ಯತ್ಯಾಸ ತೆಗೆದವರು ಯಾರಾದರೂ ಇದ್ದೀರಾ? ಎಷ್ಟು ಡೆಸಿಬೆಲ್ ಇಳಿಕೆಗೆ ಗೆರೆ ಹಾಕಿದಿರಿ?

ಇನ್ನೊಂದು: 1986ರ ವಿಶ್ವಸಂಸ್ಥೆಯ ದೂರಸಂವೇದಿ (ಬಾಹ್ಯಾಕಾಶದಿಂದ ಭೂಮಿಯನ್ನು ಗಮನಿಸುವ) ತತ್ವಗಳಲ್ಲಿ 11ನೆಯದು, ವಿಕೋಪಕ್ಕೆ ತುತ್ತಾದ ದೇಶಕ್ಕೆ ಮಾಹಿತಿ ಬೇಗ ಕೊಡಿ ಅನ್ನುತ್ತದೆ. ಅದು ದೇಶ ದೇಶಗಳ ನಡುವಿನ ಮಾತು. ತಾಲ್ಲೂಕು ಮಟ್ಟದ ಕೋರಿಕೆ ಯಾವ ಕಚೇರಿಯ ಮೂಲಕ ಹೋಗಬೇಕು, ಗೊತ್ತಿದ್ದವರು ತಿಳಿಸಿ.