ಎಕ್ಸಿಬಿಟ್‌ಗೆ ಕನ್ನಡದಲ್ಲಿ ಏನನ್ನೋಣ? ನಿಶಾನೆಯೋ, ಪುರಾವೆಯೋ?

ಗೆಳೆಯರೇ, ನಮಸ್ಕಾರ.

ಒಂದು ಪದದ ವಿಚಾರದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಜಮೀನಿನ ದಾವೆ ಹೂಡುವ ಹಳ್ಳಿಯವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ದಾಖಲೆಗಳನ್ನು ಹೇಗೆ ಜೋಡಿಸಿಕೊಳ್ಳಬೇಕು, ಯಾವಾಗ ಕೋರ್ಟಿಗೆ ಹಾಕಬೇಕು, ಅವು ‘ಮಾರ್ಕ್’ ಆಗುವುದು ಅಂದರೇನು, ಇಷ್ಟೇ ವಿಷಯ. ಕರಡಿನಲ್ಲಿ ಎಕ್ಸಿಬಿಟ್‌ಗೆ, ಅಂದರೆ ಸಾಕ್ಷಿ ಹಾಜರುಪಡಿಸಿ ಕೋರ್ಟಿನಲ್ಲಿ ನಂಬರು ಬಿದ್ದ ದಾಖಲೆಗೆ, ‘ನಿಶಾನೆ’ ಎಂದು ಬರೆದಿದ್ದೆ. ಓದಿದ ಸ್ನೇಹಿತರೊಬ್ಬರು ಎಲ್ಲಾ ಕಡೆ ಅದನ್ನು ಹೊಡೆದುಹಾಕಿ ‘ಪುರಾವೆ’ ಎಂದು ತಿದ್ದಿದ್ದಾರೆ. ನಿಶಾನೆ ಯಾರಿಗೂ ಅರ್ಥವಾಗಲ್ಲ, ಪುರಾವೆ ಎಲ್ಲರಿಗೂ ಗೊತ್ತು ಅನ್ನೋದು ಅವರ ಮಾತು. ನನಗೆ ಈ ತಿದ್ದುಪಡಿ ಒಪ್ಪಿಗೆಯಾಗುತ್ತಿಲ್ಲ.

ಕೋರ್ಟಿನಲ್ಲಿ ನಡೆಯುವುದು ಹೀಗೆ. ವಾದಿ ತಾನು ನೆಚ್ಚಿಕೊಂಡ ದಾಖಲೆಗಳನ್ನು ಪಟ್ಟಿ ಸಮೇತ ದಾವೆಯ ಜೊತೆಗೇ ಹಾಕಬೇಕು. ಪ್ರತಿವಾದಿ ತನ್ನ ಲಿಖಿತ ಹೇಳಿಕೆಯ ಜೊತೆ ಹಾಕಬೇಕು. ಅಲ್ಲಿಗೆ ಅವು ಕಡತದೊಳಗಿನ ಕಾಗದ, ಅಷ್ಟೇ. ಮುಂದೆ ಸಾಕ್ಷಿ ಕಟಕಟೆಗೆ ಬಂದು “ಇದು ನಮ್ಮಪ್ಪ ಜಮೀನು ಕೊಂಡ ಕ್ರಯಪತ್ರ” ಎಂದು ಹೇಳಿ ಅದನ್ನು ಹಾಜರುಪಡಿಸಿದಾಗ ಅದಕ್ಕೊಂದು ನಂಬರು ಬೀಳುತ್ತದೆ. ವಾದಿಯದು ನಿ.ಪಿ.1, ಪ್ರತಿವಾದಿಯದು ನಿ.ಡಿ.1, ಕೋರ್ಟ್ ಕಡೆಯಿಂದ ಬಂದದ್ದು ನಿ.ಸಿ.1. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶ ಹೇಳುವಂತೆ ಆ ಕಾಗದದ ಮೇಲೆ ಷರಾ ಬರೆಯಬೇಕು: ದಾವೆಯ ನಂಬರು ಮತ್ತು ಹೆಸರು, ಹಾಜರುಪಡಿಸಿದವರು ಯಾರು, ಯಾವ ತಾರೀಖು, ಸಾಕ್ಷ್ಯಕ್ಕೆ ಸೇರಿಸಿಕೊಂಡಿದೆ ಅನ್ನುವ ಮಾತು, ಕೆಳಗೆ ನ್ಯಾಯಾಧೀಶರ ಸಹಿ.

ಆ ‘ನಿ.’ ಅನ್ನುವುದೇ ನಿಶಾನೆ. ಕನ್ನಡದಲ್ಲಿ ಬರೆದ ಸಾಕ್ಷಿ ಹೇಳಿಕೆಗಳಲ್ಲಿ “ಸದರಿ ಪತ್ರವನ್ನು ನಿ.ಪಿ.1 ಎಂದು ಗುರುತಿಸಲಾಯಿತು, ಅದರಲ್ಲಿರುವ ಸಾಕ್ಷಿಯ ಸಹಿ ನಿ.ಪಿ.1(ಎ)” ಎಂಬ ಸಾಲನ್ನು ನಾನು ದಿನಾ ಟೈಪ್ ಮಾಡುತ್ತೇನೆ. ಒಂದೇ ಹಾಳೆಯಲ್ಲಿ ಪತ್ರಕ್ಕೊಂದು ಗುರುತು, ಸಹಿಗೊಂದು ಗುರುತು. ಪಾರಸಿಯ ನಿಶಾನ್‌ನಿಂದ ಬಂದ ಪದ ಇದು. ಅರ್ಥ ಗುರುತು, ಬಾವುಟ. ಮೈಸೂರು ದಸರಾದಲ್ಲಿ ಮುಂದೆ ಬಾವುಟ ಹೊತ್ತು ನಡೆಯುವುದು ನಿಶಾನೆ ಆನೆ. ಜನಕ್ಕೆ ಗೊತ್ತಿಲ್ಲದ ಪದ ಇದಲ್ಲ ಅಲ್ವಾ?

ಪುರಾವೆಯನ್ನು ಬೇಡ ಅನ್ನುವುದಕ್ಕೆ ಒಂದು ಕಾರಣವಿದೆ. ನಮ್ಮ ಆಫೀಸಿಗೆ ಬರುತ್ತಿದ್ದ ಹಿರಿಯರೊಬ್ಬರು ತಮ್ಮನ ಮೇಲೆ ದಾವೆ ಹಾಕಿದ್ದರು. ಹಳೆಯ ಪಾಲುಪಟ್ಟಿಯೊಂದು ಅವರ ಆಧಾರ. ಅದು ನಿ.ಪಿ.3 ಆಯಿತು. ಆ ದಿನ ಯಾರೋ ಅವರಿಗೆ “ನಿಮ್ಮ ಪಟ್ಟಿ ಪುರಾವೆ ಆಯ್ತು ಅಜ್ಜಾ” ಎಂದುಬಿಟ್ಟರು. ಅವರು ಊರಿಗೆ ಹೋಗಿ ಕೇಸ್ ಗೆದ್ದೆ ಅಂತಲೇ ಹೇಳಿಕೊಂಡರು. ರಾಜಿಗೆ ಬಂದ ತಮ್ಮನನ್ನು ಬಾಗಿಲಿಂದಲೇ ಕಳಿಸಿದರು. ಆದರೆ ತಮ್ಮ ಆ ಸಹಿಯೇ ನನ್ನದಲ್ಲ ಅಂದಿದ್ದ. ಪಟ್ಟಿಗೆ ಸಹಿ ಹಾಕಿದ ಪಂಚರಲ್ಲಿ ಒಬ್ಬರನ್ನೂ ಕರೆಸಿ ಹೇಳಿಸಲಿಲ್ಲ. ತೀರ್ಪಿನಲ್ಲಿ “ನಿ.ಪಿ.3 ರುಜುವಾತಾಗಿಲ್ಲ” ಎಂದು ಬಂತು. “ಪುರಾವೆ ಅಂತ ನೀವೇ ಬರ್ಕೊಂಡ್ರಲ್ಲಪ್ಪ” ಎಂದು ಅಜ್ಜ ಕೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ನನ್ನ ಸ್ನೇಹಿತರ ತಿದ್ದುಪಡಿಯನ್ನು ಆ ತೀರ್ಪಿಗೆ ಹಚ್ಚಿ ನೋಡಿ. “ಪುರಾವೆ ಪಿ.3 ರುಜುವಾತಾಗಿಲ್ಲ.” ವಾಕ್ಯವೇ ನಿಲ್ಲುವುದಿಲ್ಲ. “ನಿಶಾನೆ ಪಿ.3 ರುಜುವಾತಾಗಿಲ್ಲ” ಅಂದರೆ ಸರಿಯಾಗಿ ಕೂರುತ್ತದೆ. ದಾಖಲೆಗೆ ನಂಬರು ಬಿದ್ದ ಮಾತ್ರಕ್ಕೆ ಅದು ಸಾಬೀತಾದಂತಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಹಾಕುವುದು, ಹಾಜರುಪಡಿಸುವುದು, ಗುರುತಿಸುವುದು, ರುಜುವಾತುಪಡಿಸುವುದು, ಇವು ಬೇರೆ ಬೇರೆ ಮೆಟ್ಟಿಲು. ಪುರಾವೆ ಅನ್ನುವ ಪದ ಓದುಗನನ್ನು ಮೂರನೆಯದರಿಂದ ನಾಲ್ಕನೆಯದಕ್ಕೆ ಸುಮ್ನೆ ಹಾರಿಸಿಬಿಡುತ್ತದೆ. ಕೋರ್ಟಿಗೆ ಹೊಸಬರಾದವರಿಗೆ ಇದರಿಂದ ನಷ್ಟ ಜಾಸ್ತಿ.

‘ಪ್ರದರ್ಶಿಕೆ’, ‘ಪ್ರದರ್ಶನ’ ಅಂತಲೂ ಕೆಲವರು ಬರೆಯುತ್ತಾರೆ. ಪ್ರದರ್ಶನ ಅಂದರೆ ನಮಗೆ ನೆನಪಾಗುವುದು ಫಲಪುಷ್ಪ ಪ್ರದರ್ಶನವೇ. ಅದನ್ನು ಬಿಡೋಣ.

ಈಗ ನನ್ನ ಪ್ರಶ್ನೆಗಳು. ಮರಾಠಿ ಕೋರ್ಟುಗಳಲ್ಲೂ ‘ನಿಶಾಣಿ’ ಎನ್ನುತ್ತಾರೆ. ಆದರೆ ಅಲ್ಲಿ ಅರ್ಜಿಗಳಿಗೂ ಅದೇ ಸಾಲಿನಲ್ಲಿ ನಂಬರು ಬೀಳುತ್ತದೆ. ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಗೆ ‘ನಿಶಾಣಿ 5’ ಅಂತಲೇ ರೂಢಿ. ನಮ್ಮಲ್ಲಿ ಅದು ಐ.ಎ. (ಮಧ್ಯಂತರ ಅರ್ಜಿ) ನಂಬರಿನಲ್ಲಿ ಹೋಗುತ್ತದೆ. ಬೆಳಗಾವಿ, ವಿಜಯಪುರದ ಕಡೆಯ ಹಿರಿಯ ಗುಮಾಸ್ತರ ಬಾಯಲ್ಲಿ ನಿಶಾನೆ ಅಂದರೆ ಯಾವ ಅರ್ಥ? ಅಲ್ಲಿಯವರು ಇದ್ದರೆ ದಯವಿಟ್ಟು ಬರೆಯಿರಿ. ಕೈಪಿಡಿ ಆ ಕಡೆಗೂ ಹೋಗಬೇಕು.

ಇನ್ನೊಂದು, ‘ಮುದ್ದೆಮಾಲು’. ಕ್ರಿಮಿನಲ್ ಕೇಸಿನಲ್ಲಿ ಮಚ್ಚು, ರಕ್ತದ ಕಲೆಯ ಅಂಗಿ, ಕಳವಾದ ಸರ ಇಂಥ ವಸ್ತುಗಳಿಗೆ ಈ ಹೆಸರು. ಕಾಗದವಾದರೆ ನಿಶಾನೆ, ವಸ್ತುವಾದರೆ ಮುದ್ದೆಮಾಲು ಎಂದು ಇಲ್ಲಿಯವರೆಗೆ ಸಲೀಸಾಗಿ ನಡೆದಿತ್ತು. ಪೆನ್ ಡ್ರೈವ್ ಬಂದ ಮೇಲೆ ಗೊಂದಲ. ಕೈಯಲ್ಲಿ ಹಿಡಿದರೆ ಅದು ವಸ್ತು, ಒಳಗಿರುವ ರೆಕಾರ್ಡಿಂಗ್ ದಾಖಲೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಎಲೆಕ್ಟ್ರಾನಿಕ್ ದಾಖಲೆಯನ್ನೂ ‘ದಾಖಲೆ’ ಎಂದೇ ಕರೆಯುತ್ತದೆ. ಹಾಗಾಗಿ ನಾನು ‘ಪೆನ್ ಡ್ರೈವ್‌ನ್ನು ನಿ.ಪಿ.7 ಎಂದು ಗುರುತಿಸಲಾಯಿತು’ ಎಂದು ಬರೆದಿದ್ದೇನೆ. ಮುದ್ದೆಮಾಲು ಎಂದು ಗುರುತಿಸಿದ್ದನ್ನೂ ನೋಡಿದ್ದೇನೆ. ನಿಮ್ಮ ಕಡೆಯ ಕೋರ್ಟಿನಲ್ಲಿ ಯಾವುದು ಬಳಕೆಯಲ್ಲಿದೆ? ಸಾಧ್ಯವಾದರೆ ಹೆಸರುಗಳನ್ನು ತೆಗೆದು, ಆ ಒಂದು ಸಾಲನ್ನು ಹಾಗೇ ಬರೆದು ಕಳಿಸಿ.