ಗಿರಾಕಿ "ಮಜಾ ಬರ್ಲಿಲ್ಲ" ಅಂದಾಗ ಕಾಪಿ (ಜಾಹೀರಾತಿನ ಬರಹ) ತಿದ್ದೋದು ಎಲ್ಲಿಂದ ಶುರು ಮಾಡ್ಬೇಕ್ರಿ?

ತೊಗರಿನಾಡು_ಕಾಪಿ:
ಕಲಬುರಗಿಯ ಒಂದು ದಾಲ್ ಮಿಲ್‌ದು ಕೆಲಸ. 1 ಕೆಜಿ ಪಾಕೀಟಿನ ಹಿಂಬದಿ ಬರಹ, ಒಂದು ಕರಪತ್ರ, ವಾಟ್ಸಾಪಿಗೆ ಮೂರು ಜಾಹೀರಾತು. ಮೊದಲ ಕರಡು ಹೋದ ಮ್ಯಾಲ ಬಂದದ್ದು ಇಷ್ಟು: ಮಾಲಕರ ವಾಯ್ಸ್ ಮೆಸೇಜು "ಮಜಾ ಬರ್ಲಿಲ್ಲ, ಪಂಚ್ ಇಲ್ಲ". ಅವರ ಮಗ "ಇನ್ನಾ ಮಾಡರ್ನ್ ಬೇಕು". ಡೀಲರು "100% ಶುದ್ಧ, ಶುಗರ್ ಇದ್ದವರಿಗೆ ರಾಮಬಾಣ ಅಂತ ಹಾಕ್ರಿ, ಜಿಐ ಗುರ್ತೂ ಹಾಕ್ರಿ" (ಜಿಐ ಅಂದ್ರ ಆ ಊರಿನ ಮಾಲು ಅಂತ ಸರ್ಕಾರ ಕೊಡೋ ಭೌಗೋಳಿಕ ಗುರ್ತು). ಮ್ಯಾಲ ಪ್ರೆಸ್ಸಿನ ಪ್ರೂಫಿನಾಗ (ಛಾಪಿಸೋ ಮುಂಚಿನ ಮಾದರಿ) ಅಕ್ಷರ ತಪ್ಪು ಅಂತ ಬೈಗುಳ. ಎಷ್ಟು ಸಲ ತಿದ್ದಿಕೊಡಬೇಕು ಅಂತ ಮೊದಲೇ ಮಾತಾಗಿಲ್ಲ. ಹ್ಯಾಂಗ ಉತ್ತರ ಕೊಡೋದು?

ಕೆಂಪುಪೆನ್ನು:
ಇವತ್ತು ಉತ್ತರ ಕೊಡಬ್ಯಾಡ್ರಿ. "ಕೇಳಿದೆ ಸರ್, ನಾಳೆ 11ಕ್ಕ ಪಟ್ಟಿ ಮಾಡಿ ಕಳಸ್ತೀನಿ", ಅಷ್ಟ ಸಾಕು. "ಸಾರಿ" ಅಂತೂ ಬ್ಯಾಡೇ ಬ್ಯಾಡ. ತಪ್ಪು ಯಾವುದಂತ ಇನ್ನಾ ಗೊತ್ತಿಲ್ಲ, ಈಗ ಸಾರಿ ಅಂದ್ರ ಪೂರಾ ಕರಡೇ ಕೆಟ್ಟದ್ದು ಅಂತ ಒಪ್ಪಿಕೊಂಡಂಗ.

ಆಮ್ಯಾಲ ವಾಯ್ಸ್ ಮೆಸೇಜನ್ನ ಅಕ್ಷರಕ್ಕಿಳಸ್ರಿ. ನಾಕು ಕಾಲಂ: ಯಾವ ಸಾಲು, ಯಾರು ಹೇಳಿದ್ರು, ಏನು ಹೇಳಿದ್ರು, ನಾನೇನು ಮಾಡ್ತೀನಿ. "ಮಜಾ ಬರ್ಲಿಲ್ಲ" ಅನ್ನೋದಕ್ಕ ಸಾಲಿನ ನಂಬರ್ ಸಿಗಂಗಿಲ್ಲ, ಅಲ್ಲೇ ಪ್ರಶ್ನಿ ಕೇಳಬೇಕು. ಆದ್ರ "ಏನು ಬದಲಿ ಮಾಡ್ಲಿ?" ಅಂತ ಕೇಳಿದ್ರ ಅವರೇ ಕಾಪಿ ಬರಿಯಾಕ ಕುಂದರ್ತಾರ. ಹಿಂಗ ಕೇಳ್ರಿ: "ಓದ್ತಾ ಎಲ್ಲಿ ಬ್ಯಾಸರ ಆತು?" "ಅಂಗಡ್ಯಾಗ ಮಂದಿ ನಿಮ್ಮ ಬ್ಯಾಳಿನೇ ಯಾಕ ಕೇಳಿ ಒಯ್ತಾರ?" "ನಿಮಗ ಹಿಡಿಸಿದ ಬ್ಯಾರೆ ಪಾಕೀಟು ಯಾವುದದ, ಫೋಟೋ ಕಳಸ್ರಿ."

ಎರಡನೇ ಪ್ರಶ್ನಿ ಉತ್ತರದಾಗ ಬಹಳ ಸಲ ಹೆಡ್‌ಲೈನೇ ಸಿಗ್ತದ. "ಲಗೂ ಕುದೀತದ, ಎರಡು ಸೀಟಿ ಸಾಕು" ಅಂತ ಅವರು ದಿನಾ ಹೇಳಿ ಮಾರ್ತಿರ್ತಾರ. ಕಾಪಿಯಾಗ ಮಾತ್ರ "ಪರಂಪರೆಯ ಸವಿ" ಅಂತ ಇದ್ರ ಮಜಾ ಎಲ್ಲಿಂದ ಬರಬೇಕು?

ಮೂರು ಮಂದಿ ಮೂರು ಮಾತಿಗೆ ನೀವು ಪಂಚಾಯ್ತಿ ಮಾಡಬ್ಯಾಡ್ರಿ. ಒಂದಕ್ಕೊಂದು ತಿಕ್ಕಾಡೋ ಸಾಲಿಗೆ ಹಳದಿ ಬಳಿದು ಮಾಲಕರಿಗೇ ಕಳಸ್ರಿ. ರೊಕ್ಕ ಕೊಡೋರದೇ ಕಡೀ ಮಾತು. ಹೆಡ್‌ಲೈನ್ ಎರಡೇ ಕೊಡ್ರಿ. ಐದು ಕೊಟ್ರ ಒಂದರ ತಲಿ, ಇನ್ನೊಂದರ ಬಾಲ ಜೋಡ್ಸಿ ಆರನೇದು ಮಾಡ್ತಾರ.

ಡಿಟಿಪಿ_ಬೀದರ್:
ಅಕ್ಷರದ ಬೈಗುಳ ನಿಮ್ಮ ಲೆಕ್ಕಕ್ಕೆ ಬರದೇ ಇರಬಹುದು, ಮೊದಲು ಅದನ್ನು ನೋಡಿ. ನೀವು ಯುನಿಕೋಡ್‌ನಲ್ಲಿ ಕಳಿಸಿರ್ತೀರಿ. ಹಳೇ ಕೋರಲ್‌ಡ್ರಾ (ಪುಟ ವಿನ್ಯಾಸದ ತಂತ್ರಾಂಶ) ಇಟ್ಟುಕೊಂಡ ಪ್ರೆಸ್ಸಿನವರು ಅದನ್ನು ನುಡಿ ಅಥವಾ ಶ್ರೀಲಿಪಿಯ ಹಳೇ ಫಾಂಟಿಗೆ ಬದಲಾಯಿಸಿಕೊಳ್ತಾರೆ. ಆಗ ಕೆಡೋದು ಬಹುತೇಕ ಅರ್ಕಾವತ್ತು (ಅರ್ಧ, ಖರ್ಚು), ಜೋಡಿ ಒತ್ತು (ರಾಷ್ಟ್ರ, ಸ್ತ್ರೀ). ಮೂರನೇದು ಕಳ್ಳ ತಪ್ಪು: "ಆನ್‌ಲೈನ್" ಪದದಲ್ಲಿ ನ್ ಮತ್ತು ಲೈ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತೆ, ಅದು ಉದುರಿದರೆ "ಆನ್ಲೈನ್" ಆಗುತ್ತೆ.

ಕರಡನ್ನು ವರ್ಡ್ ಫೈಲ್ ಜೊತೆ ಪಿಡಿಎಫ್‌ನಲ್ಲೂ ಕಳಿಸಿ. ಪ್ರೆಸ್ಸಿನಿಂದ ಮೊಬೈಲ್ ಫೋಟೋ ಅಲ್ಲ, ಪಿಡಿಎಫ್ ಪ್ರೂಫ್ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಯಾರ ಕಡೆಯದು ಅನ್ನೋದು ಜಗಳ ಇಲ್ಲದೇ ಗೊತ್ತಾಗುತ್ತೆ. ಫೋನ್ ನಂಬರ್, ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸಿನ 14 ಅಂಕಿ, ಎಂಆರ್‌ಪಿ, ತೂಕ ಇವನ್ನು ಒಬ್ಬರು ಓದಿ ಇನ್ನೊಬ್ಬರು ಟಿಕ್ ಹಾಕಬೇಕು. ಛಾಪಿಸುವ ಮುಂಚೆ ಮಾಲಕರಿಂದ "ಓಕೆ" ಅಂತ ಬರಹದಲ್ಲಿ ತಗೊಳ್ಳಿ.

ಲೇಬಲ್‌_ಲೆಕ್ಕ:
ಡೀಲರ ಮಾತಿಗೆ ರುಚಿ-ಅಭಿರುಚಿಯ ಚರ್ಚೆ ಬೇಡ, ನೇರ ಇಲ್ಲ ಅನ್ನಿ. "ಶುಗರ್‌ಗೆ ರಾಮಬಾಣ" ಅಂದರೆ ಕಾಯಿಲೆ ವಾಸಿಯಾಗುತ್ತೆ ಅಂದಂಗೆ. ಆಹಾರದ ಜಾಹೀರಾತಿನಲ್ಲಿ ಅದನ್ನು ಹೇಳೋ ಹಾಗಿಲ್ಲ. "ಶುದ್ಧ", "ಸಾಂಪ್ರದಾಯಿಕ" ಥರದ ಪದಗಳಿಗೂ 2018ರ ಜಾಹೀರಾತು ನಿಯಮಗಳಲ್ಲಿ ಷರತ್ತು ಇದೆ. "100%" ಅಂತ ಹಾಕಬೇಡಿ ಅಂತ ಎಫ್ಎಸ್ಎಸ್ಎಐ 2025ರಲ್ಲಿ ಸೂಚನೆ ಕೊಟ್ಟಿದೆ. ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದ ತನಕ ದಂಡ. ಪ್ರಕಟಣೆಯಲ್ಲಿ ಪಾಲುದಾರ ಆದವರೂ ಅದರೊಳಗೆ ಬರ್ತಾರೆ, ಬರೆದವರಿಗೂ ಇದು ದೂರದ ಮಾತಲ್ಲ.

ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಸಿಕ್ಕಿದ್ದು ನಿಜ. ಹಾಗಂತ ಊರಲ್ಲಿ ಮಿಲ್ ಇದ್ದ ಮಾತ್ರಕ್ಕೆ ಗುರುತು ಹಾಕೋಕಾಗಲ್ಲ, ಅಧಿಕೃತ ಬಳಕೆದಾರ ಅಂತ ನೋಂದಣಿ ಇರಬೇಕು. ಮಿಲ್‌ನವರಿಗೆ ಬರೆಯೋದು ಹೀಗೆ: "ಸರ್, ನೋಂದಣಿ ಪತ್ರದ ಪ್ರತಿ ಕಳಿಸಿದರೆ ಸೇರಿಸ್ತೀನಿ. ಸದ್ಯಕ್ಕೆ ಆ ಜಾಗದಲ್ಲಿ 'ಕಲಬುರಗಿಯಲ್ಲೇ ಬೆಳೆದ ತೊಗರಿ' ಅಂತ ಇಟ್ಟಿದ್ದೀನಿ, ಇದು ಸರಿ ಇದೆಯಾ ಅಂತ ಖಾತ್ರಿ ಮಾಡಿ." ಬರೀ ಇಲ್ಲ ಅಂದರೆ ಮುನಿಸು. ಇಲ್ಲ ಅನ್ನೋ ಜಾಗದಲ್ಲಿ ಇನ್ನೊಂದು ಸಾಲು ಕೊಟ್ಟರೆ ಮಾತು ಮುಂದೆ ಹೋಗುತ್ತೆ.

ತೊಗರಿನಾಡು_ಕಾಪಿ:
ಉಪಕಾರ ಆತ್ರಿ. ಒಂದು ಬಿಟ್ಟಿದ್ದೆ: "ಭಾಷಾ ನಮ್ದಲ್ಲ, ಬೆಂಗಳೂರಿಂದು" ಅಂತನೂ ಅಂದಾರ. ಬ್ಯಾಳಿ ಅನ್ನಬೇಕೋ ಬೇಳೆ ಅನ್ನಬೇಕೋ? ಮತ್ತ ರೊಕ್ಕದ ಮಾತು?

ಕೆಂಪುಪೆನ್ನು:
ಇದು ಖರೇ ಫೀಡ್‌ಬ್ಯಾಕ್ ನೋಡ್ರಿ, ಉಳಿದದ್ದಕ್ಕಿಂತ ಇದು ತೂಕದ್ದು. ಹೆಡ್‌ಲೈನು, ವಾಟ್ಸಾಪ್ ಜಾಹೀರಾತಿನಾಗ "ಬ್ಯಾಳಿ" ಹಾಕ್ರಿ. ಪಾಕೀಟಿನ ಮ್ಯಾಲ ಪದಾರ್ಥದ ಹೆಸರು ಶಿಷ್ಟ ಕನ್ನಡದಾಗ "ತೊಗರಿಬೇಳೆ" ಇರ್ಲಿ, ಮಾಲು ಮೈಸೂರಿಗೂ ಹೋಗ್ತದ. ಕಾಯ್ದೆ ಕೇಳೋ ವಿವರ ಹೆಂಗೂ ಇಂಗ್ಲಿಷ್ ಇಲ್ಲಾ ಹಿಂದಿಯಾಗ ಬರಲೇಬೇಕು, ಕನ್ನಡ ಅದರ ಜೋಡಿ. ಪೂರಾ ಕರಪತ್ರ ಆಡುಮಾತಿನಾಗ ಬರಿಬ್ಯಾಡ್ರಿ, ನಾಕನೇ ಸಾಲಿಗೆ ನಾಟಕ ಆಗ್ತದ.

ರೊಕ್ಕ: ಮಾತಾಗಿಲ್ಲಂದ್ರ ಈ ಪಟ್ಟಿ ಕಳಿಸುವಾಗೇ ಆಡ್ರಿ. "ಇದು ಮೊದಲ ತಿದ್ದುಪಡಿ, ಇನ್ನೊಂದು ಇದೇ ರೇಟಿನಾಗ, ಮೂರನೇದಕ್ಕ ಒಟ್ಟು ಬಿಲ್ಲಿನ ಕಾಲು ಭಾಗ ಬ್ಯಾರೆ." ಮಗನ "ಮಾಡರ್ನ್" ಅನ್ನೋದು ಮೊದಲಿನ ಮಾತಿನಾಗ ಇರ್ಲಿಲ್ಲಂದ್ರ ಅದು ತಿದ್ದುಪಡಿ ಅಲ್ಲ, ಹೊಸ ಕೆಲಸ. ಅದಕ್ಕ ಬ್ಯಾರೆ ಕೊಟೇಶನ್ ಹಾಕ್ರಿ, ಅರ್ಧ ಅಡ್ವಾನ್ಸ್ ಬಂದ ಮ್ಯಾಲ ಪೆನ್ನು ಹಿಡೀರಿ.