ಸಹಾಯ ಬೇಕು: ಭೂಕಂಪದ ಜಾಗಕ್ಕೆ ಮೊದಲ ಸಲ ಹೋಗುತ್ತಿರುವ ವೈದ್ಯೆ

ಎಲ್ಲರಿಗೂ ನಮಸ್ಕಾರ. ನಾನು ಜನರಲ್ ಮೆಡಿಸಿನ್ ವೈದ್ಯೆ. ನಾಡಿದ್ದು ತಂಡವೊಂದರ ಜೊತೆ ಭೂಕಂಪವಾದ ಜಾಗಕ್ಕೆ ಸ್ವಯಂಸೇವಕಿಯಾಗಿ ಹೊರಡುತ್ತಿದ್ದೇನೆ. ಇಂಥ ಕಡೆ ಕೆಲಸ ಮಾಡಿ ಬಂದವರು ದಯವಿಟ್ಟು ಉತ್ತರಿಸಿ.

ನನಗೆ ಹೆಚ್ಚು ಭಯ ಕ್ರಷ್ ಸಿಂಡ್ರೋಮ್‌ನದು. ಅವಶೇಷದಡಿ ಗಂಟೆಗಟ್ಟಲೆ ಸಿಕ್ಕಿಕೊಂಡವರು ನಮ್ಮ ಜೊತೆ ಚೆನ್ನಾಗಿಯೇ ಮಾತಾಡುತ್ತಿರಬಹುದು. ಕಾಲಿನ ಮೇಲಿನ ಭಾರ ಎತ್ತಿದ ಕೂಡಲೇ ಜಜ್ಜಿದ ಸ್ನಾಯುಗಳ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯವೇ ನಿಲ್ಲಬಹುದು. ಅದಕ್ಕೇ ಹೊರತೆಗೆಯುವ ಮೊದಲೇ ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್) ಶುರುಮಾಡಬೇಕು, ವಯಸ್ಕರಿಗೆ ಗಂಟೆಗೆ ಸುಮಾರು 1 ಲೀಟರ್. ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಡ್ರಿಪ್ ಬೇಡ, ಅದರಲ್ಲೂ ಪೊಟ್ಯಾಸಿಯಂ ಇದೆ. ಇಷ್ಟು ಓದಿಕೊಂಡಿದ್ದೇನೆ. ಆದರೆ ಒಂದೇ ಕೈ ಹೊರಗಿದ್ದು, ಅದರಲ್ಲೂ ರಕ್ತನಾಳ ಸಿಗದಿದ್ದರೆ ನೀವು ಏನು ಮಾಡಿದಿರಿ? ಲ್ಯಾಬ್ ಇಲ್ಲದಾಗ ಇಸಿಜಿಯಲ್ಲಿ ಚೂಪಾದ ಟಿ ಅಲೆ (ಪೊಟ್ಯಾಸಿಯಂ ಏರಿದ ಸುಳಿವು) ನೋಡಿಯೇ, ಹೃದಯ ಕಾಪಾಡಲು ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟಿರಾ? ಜಜ್ಜಿದ ಸ್ನಾಯುಗಳಿಂದಾಗಿ ಕಿಡ್ನಿ ಕೆಟ್ಟು ಮೂತ್ರ ನಿಂತವರನ್ನು ಡಯಾಲಿಸಿಸ್‌ಗೆ ಎಷ್ಟು ಬೇಗ ಕಳಿಸಿದಿರಿ? 1988ರ ಅರ್ಮೇನಿಯಾ ಭೂಕಂಪದಲ್ಲಿ ಹೀಗೆ ಕಿಡ್ನಿ ಕೆಟ್ಟವರ ಬಗ್ಗೆ ಓದಿದಾಗಿನಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ.

ಟಿಟನಸ್ ಲಸಿಕೆ, ಹೆಡ್‌ಲ್ಯಾಂಪ್, ನನ್ನ ಪಾಲಿನ ಊಟ-ನೀರು ಕಟ್ಟಿಕೊಂಡಿದ್ದೇನೆ. ಬಿಟ್ಟುಹೋದದ್ದಿದ್ದರೆ ಹೇಳಿ.

ಇನ್ನೊಂದು ಮಾತು. ಅಮ್ಮ ಎಲ್ಲಿ ಎಂದು ಮಗು ಕೇಳಿದರೆ, ಉತ್ತರ ನಮಗೆ ಗೊತ್ತಿದ್ದರೆ, ಅದನ್ನು ಹೇಗೆ ಹೇಳಿದಿರಿ?